ಗ್ಯಾಸಿಗಿಂತ ಮೊದಲು ಗೋಡೆ ನೋಡಿ

2022ರ ಜನವರಿಯ ಒಂದು ರಾತ್ರಿ ಬ್ಯಾಡಗಿ ತಾಲ್ಲೂಕಿನ ಹೆಡಿಗ್ಗೊಂಡದಲ್ಲಿ, ಸಾಲದ ಅರ್ಜಿ ತಿರಸ್ಕಾರವಾದ ಸಿಟ್ಟಿಗೆ ಒಬ್ಬಾತ ಬ್ಯಾಂಕ್ ಶಾಖೆಯ ಕಿಟಕಿ ಒಡೆದು, ಒಳಗೆ ಪೆಟ್ರೋಲ್ ಸುರಿದು ಬೆಂಕಿ ಇಟ್ಟ. ಕಂಪ್ಯೂಟರ್, ನೋಟು ಎಣಿಸುವ ಯಂತ್ರ, ಕಾಗದಪತ್ರ ಎಲ್ಲ ಸುಟ್ಟವು. ಇಂಥ ಸುದ್ದಿ ಓದಿದ ಮೇಲೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನಂಥ ತಾಲ್ಲೂಕು ಊರುಗಳಲ್ಲಿ ಕಚೇರಿ ನಡೆಸುವವರಿಗೆ, ಸಹಕಾರಿ ಸಂಘದ ಆಡಳಿತ ಮಂಡಳಿಯವರಿಗೆ ನಮ್ಮಲ್ಲೂ ಒಂದು ಗ್ಯಾಸ್ ಸಿಸ್ಟಂ ಇರಲಿ ಎನ್ನಿಸುವುದು ಸಹಜ. ನೀರಿಲ್ಲ, ಪುಡಿಯಿಲ್ಲ, ಕೋಣೆ ತುಂಬ ಜಡ ಅನಿಲ ತುಂಬಿ ಬೆಂಕಿ ಆರಿಸಿ, ಕಾಗದವನ್ನೂ ಯಂತ್ರವನ್ನೂ ಇದ್ದ ಹಾಗೇ ಉಳಿಸುವ ವ್ಯವಸ್ಥೆ ಅದು. ಆದರೆ ಹೆಡಿಗ್ಗೊಂಡದ ಆ ಶಾಖೆಯಲ್ಲಿ ಪೇಟೆಯ ಅತಿ ದುಬಾರಿ ವ್ಯವಸ್ಥೆ ಇದ್ದಿದ್ದರೂ ಆ ರಾತ್ರಿ ಅದರಿಂದ ಹೆಚ್ಚಿನ ಉಪಯೋಗ ಆಗುತ್ತಿರಲಿಲ್ಲ. ಕಿಟಕಿ ಒಡೆದಿತ್ತು, ಒಳಗೆ ಬಿಟ್ಟ ಅನಿಲ ಅದೇ ದಾರಿ ಹಿಡಿದು ಹೊರಗೆ ಹೋಗುತ್ತಿತ್ತು, ಹೊರಗಿನ ಗಾಳಿ ಒಳಗೆ ಬಂದು ಬೆಂಕಿಗೆ ಮತ್ತೆ ಉಸಿರು ಕೊಡುತ್ತಿತ್ತು. ಈ ವ್ಯವಸ್ಥೆಯಲ್ಲಿ ಸಿಲಿಂಡರ್ ಅರ್ಧ ಉಪಕರಣ, ಉಳಿದರ್ಧ ಕೋಣೆಯೇ. ಹಣ ಇರುವುದು ಒಂದಕ್ಕೇ ಸಾಕಾಗುವಷ್ಟಾದರೆ ಅದನ್ನು ಮೊದಲು ಕೋಣೆಗೆ ಹಾಕಬೇಕು ಎಂಬುದು ಈ ಲೇಖನದ ವಾದ.

ಹಗೇವು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಧಾರವಾಡ, ಹಾವೇರಿ ಸೀಮೆಯಲ್ಲಿ ಜೋಳ ಕೂಡಿಡಲು ನೆಲದಲ್ಲಿ ತೋಡುತ್ತಿದ್ದ ಹಗೇವಿನ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೂ ಹುಳುವೂ ಉಸಿರಾಡುತ್ತ ಅಲ್ಲಿರುವ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈಆಕ್ಸೈಡ್ ತುಂಬುತ್ತವೆ. ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಔಷಧ ಹಾಕದೆ, ಗಾಳಿಯ ಗುಣವನ್ನಷ್ಟೇ ಬದಲಿಸಿ ಒಳಗಿನ ಮಾಲನ್ನು ಕಾಯುವ ಈ ಕೆಲಸವೆಲ್ಲ ನಿಂತಿರುವುದು ಮುಚ್ಚಳದ ಮೇಲೆ. ಮಣ್ಣು ಬಿರುಕು ಬಿಟ್ಟರೆ ಹಗೇವು ಬರೀ ಗುಂಡಿ. ಇದರ ಇನ್ನೊಂದು ಮುಖವೂ ಈ ಸೀಮೆಗೆ ಗೊತ್ತು. ಹಗೇವು ತೆರೆದು, ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಅವಸರ ಮಾಡಿ ಇಳಿದವರೂ ಅವರನ್ನು ಎತ್ತಲು ಹಿಂದೆಯೇ ಇಳಿದವರೂ ಒಟ್ಟಿಗೆ ಸತ್ತದ್ದು ಉತ್ತರ ಕರ್ನಾಟಕದ ಪತ್ರಿಕೆಗಳಿಗೆ ಹೊಸ ಸುದ್ದಿಯಲ್ಲ. ಗ್ಯಾಸ್ ಸಿಸ್ಟಂ ಹಾಕಿಸಿದ ಕೋಣೆಯೂ ಬೇಕೆಂದಾಗ ಕ್ಷಣದಲ್ಲಿ ಹಗೇವಾಗುವ ಕೋಣೆ. ಅದರ ಲಾಭವೂ ಅಪಾಯವೂ ಅದರಲ್ಲೇ ಇದೆ.

ಮನುಷ್ಯ ಉಳಿದು ಬೆಂಕಿ ಮಾತ್ರ ಸಾಯುವುದು ಹೇಗೆ ಎಂಬುದನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು, ಏಕೆಂದರೆ ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ಗಾಳಿಯಲ್ಲಿ ಆಮ್ಲಜನಕ ಶೇ. 20.9ರಷ್ಟಿದೆ. ಅದನ್ನು ಶೇ. 15ಕ್ಕಿಂತ ಕೆಳಗೆ ಇಳಿಸಿದರೆ ಕಾಗದ, ಕಟ್ಟಿಗೆ, ಬಟ್ಟೆಯಂಥ ಸಾಮಾನ್ಯ ವಸ್ತುಗಳ ಜ್ವಾಲೆ ನಿಲ್ಲುವುದಿಲ್ಲ. ಜ್ವಾಲೆ ತನ್ನ ಸುತ್ತಲಿನ ನೈಟ್ರೋಜನ್ನನ್ನೂ ಕಾಯಿಸುತ್ತ ಉರಿಯಬೇಕು. ಸುಡದೆ ಬರೀ ಶಾಖ ಹೀರುವ ಅನಿಲದ ಪಾಲು ಹೆಚ್ಚಾದಂತೆ ಜ್ವಾಲೆ ತಣ್ಣಗಾಗಿ ನಂದುತ್ತದೆ. ಬೆಂಕಿಗೆ ಮುಖ್ಯ ಪ್ರಮಾಣ. ಶ್ವಾಸಕೋಶಕ್ಕೆ ಮುಖ್ಯ ಆಮ್ಲಜನಕದ ಒತ್ತಡ. ಸುಮಾರು 3,500 ಮೀಟರ್ ಎತ್ತರದ ಲೇಹ್ ಪಟ್ಟಣದಲ್ಲಿ ಆಮ್ಲಜನಕದ ಒತ್ತಡ ನಮ್ಮ ಕರಾವಳಿಗಿಂತ ಮೂರನೇ ಒಂದು ಪಾಲು ಕಡಿಮೆ, ಅದಕ್ಕೇ ಹೊಸದಾಗಿ ಹೋದವರಿಗೆ ಏದುಸಿರು. ಆದರೆ ಪ್ರಮಾಣ ಅಲ್ಲೂ ಶೇ. 20.9 ಇರುವುದರಿಂದ ಬೆಂಕಿಕಡ್ಡಿ ಗೀರಿದರೆ ಹೊತ್ತುತ್ತದೆ, ಒಲೆ ಉರಿಯುತ್ತದೆ. ಜಡ ಅನಿಲ ತುಂಬಿದ ಕೋಣೆ ಇದರ ತಿರುಗುಮುರುಗು. ಅಲ್ಲಿ ಆಮ್ಲಜನಕ ಶೇ. 12.5ಕ್ಕೆ ಇಳಿದರೆ ಕಡ್ಡಿ ಹೊತ್ತುವುದಿಲ್ಲ, ಮನುಷ್ಯನಿಗೆ ಮಾತ್ರ ಸುಮಾರು 4,000 ಮೀಟರ್ ಎತ್ತರದಲ್ಲಿ ಸಿಗುವಷ್ಟು ಆಮ್ಲಜನಕ ಸಿಗುತ್ತದೆ. ತಲೆ ಭಾರವಾಗಬಹುದು, ಎದೆ ಹೊಡೆದುಕೊಳ್ಳಬಹುದು, ಆದರೆ ಬಾಗಿಲು ಹುಡುಕಿ ಹೊರಗೆ ಬರಲು ಸಮಯವಿದೆ. ಅಮೆರಿಕದ ಎನ್‌ಎಫ್‌ಪಿಎ 2001 ಮಾನಕ, ಆಮ್ಲಜನಕ ಶೇ. 12ಕ್ಕಿಂತ ಕೆಳಗಿಳಿಯದ ಕೋಣೆಯಲ್ಲಿ ಜನ ಹೆಚ್ಚೆಂದರೆ 5 ನಿಮಿಷ ಇರಬಹುದು ಎನ್ನುತ್ತದೆ, ಶೇ. 10ರಿಂದ 12ರ ನಡುವೆ ಬರೀ 3 ನಿಮಿಷ. ಬೆಂಕಿಯ ಸಾವಿಗೂ ಮನುಷ್ಯನ ಸಾವಿಗೂ ನಡುವೆ ಇರುವ ಅಂತರ ಇಷ್ಟೇ.

ಮಾರುಕಟ್ಟೆಯಲ್ಲಿ ಈ ಅನಿಲಗಳಿಗೆ ನಾಲ್ಕು ಹೆಸರು. ಐಜಿ-100 ಎಂದರೆ ಶುದ್ಧ ನೈಟ್ರೋಜನ್, ಐಜಿ-01 ಎಂದರೆ ಆರ್ಗಾನ್, ಐಜಿ-55 ಎರಡರ ಸಮಪಾಲು. ಐಜಿ-541, ಅಂದರೆ ಇನರ್ಜನ್ ಎಂಬ ವ್ಯಾಪಾರಿ ಹೆಸರಿನದು, ಶೇ. 52 ನೈಟ್ರೋಜನ್, ಶೇ. 40 ಆರ್ಗಾನ್, ಶೇ. 8 ಇಂಗಾಲದ ಡೈಆಕ್ಸೈಡ್ ಕೂಡಿದ ಮಿಶ್ರಣ, ಆ ಶೇ. 8 ಇರುವುದು ಒಳಗೆ ಸಿಕ್ಕಿಕೊಂಡವರು ಆಳವಾಗಿ ಉಸಿರೆಳೆಯಲೆಂದು. ಆರಿಸುವ ಶಕ್ತಿಯಲ್ಲಿ ಇವುಗಳ ನಡುವೆ ಇರುವ ವ್ಯತ್ಯಾಸ ನಮ್ಮ ಊರಿನ ಕೊಳ್ಳುವವರು ತಲೆಕೆಡಿಸಿಕೊಳ್ಳುವಷ್ಟು ದೊಡ್ಡದಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಒಮ್ಮೆ ಖಾಲಿಯಾದ ಸಿಲಿಂಡರನ್ನು ಎಲ್ಲಿ, ಎಷ್ಟು ದಿನದಲ್ಲಿ ಮತ್ತೆ ತುಂಬಿಸಿ ಕೊಡುತ್ತೀರಿ? ಈ ಸಿಲಿಂಡರ್‌ಗಳ ಒತ್ತಡ 200 ಅಥವಾ 300 ಬಾರ್. ಊರಿನ ವೆಲ್ಡಿಂಗ್ ಅಂಗಡಿಗೆ ಬರುವ ಸಿಲಿಂಡರ್ ತುಂಬಿಸುವ ಕಡೆ ಇದು ಆಗುವ ಕೆಲಸವಲ್ಲ. ಮಿಶ್ರಣಕ್ಕಿಂತ ಶುದ್ಧ ನೈಟ್ರೋಜನ್ ತುಂಬಿಸುವುದು ಸುಲಭ. ದೊಡ್ಡ ನಗರದಿಂದ ದೂರ ಇರುವ ನಾಲ್ಕು ತಾಲ್ಲೂಕುಗಳಿಗೆ ನನ್ನ ಮತ ಅದಕ್ಕೇ. ಎಫ್‌ಎಂ-200ನಂಥ ರಾಸಾಯನಿಕ ಅನಿಲ ಕಡಿಮೆ ಜಾಗದಲ್ಲಿ, ಕಡಿಮೆ ಸಿಲಿಂಡರಿನಲ್ಲಿ, 10 ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ ಎಂದು ಮಾರುವವರು ಹೇಳುವುದು ನಿಜ. ಆದರೆ ಇವುಗಳ ಚರಿತ್ರೆ ನೋಡಿ. ಓಜೋನ್ ಪದರ ಹರಿಯುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ದಾರಿಯಲ್ಲಿ ಮೊದಲಿನ ಹ್ಯಾಲಾನ್ ಅನಿಲ ಹೋಯಿತು. ಅದರ ಜಾಗಕ್ಕೆ ಬಂದ ಎಫ್‌ಎಂ-200, ಭೂಮಿ ಬಿಸಿಯೇರಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 3,000 ಪಟ್ಟು ಮಿಕ್ಕಿದ್ದು. ಅದೇ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದ ಮೇಲೆ ಅದರ ಬಳಕೆಯೂ ಇಳಿಮುಖವಾಗಲೇಬೇಕು. ಮೂರನೆಯದಾಗಿ ಬಂದ ನೋವೆಕ್ 1230ನ್ನು ತಯಾರಿಸುತ್ತಿದ್ದ 3ಎಂ ಕಂಪನಿ, ಆ ಬಗೆಯ ರಾಸಾಯನಿಕಗಳ ತಯಾರಿಕೆಯನ್ನು 2025ರ ಕೊನೆಗೆ ನಿಲ್ಲಿಸುವುದಾಗಿ 2022ರಲ್ಲೇ ಹೇಳಿತು. ಗಾಳಿಯಿಂದಲೇ ತೆಗೆದು ಗಾಳಿಗೇ ಬಿಡುವ ನೈಟ್ರೋಜನ್ನನ್ನು ಯಾವ ಒಪ್ಪಂದವೂ ನಿಷೇಧಿಸಲಾರದು.

ಈಗ ಲೆಕ್ಕ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಎಂದರೆ ಸುಮಾರು 113 ಘನ ಮೀಟರ್. ಅನಿಲ ಒಳಗೆ ಬರುತ್ತ ಒಂದಿಷ್ಟು ಹೊರಗೂ ಹೋಗುವುದನ್ನು ಹಿಡಿದು, ಕೋಣೆಯ ಗಾಳಿಯಲ್ಲಿ ಜಡ ಅನಿಲ ಶೇ. 40 ಆಗಬೇಕಾದರೆ ಕೋಣೆಯ ಗಾತ್ರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ಸುಮಾರು 58 ಘನ ಮೀಟರ್ ಅನಿಲ ಬೇಕು. 80 ಲೀಟರಿನ ಒಂದು ಸಿಲಿಂಡರ್ 200 ಬಾರ್ ಒತ್ತಡದಲ್ಲಿ ಸುಮಾರು 16 ಘನ ಮೀಟರ್ ಹಿಡಿಯುತ್ತದೆ. ಹಾಗಾಗಿ ನಾಲ್ಕು ಸಿಲಿಂಡರ್. ಆ 58 ಘನ ಮೀಟರಿಗೆ ಆಮ್ಲಜನಕ ಶೇ. 12.5ಕ್ಕೆ ನಿಲ್ಲುತ್ತದೆ. ಕೊಟೇಶನ್ ತಂದವರ ಲೆಕ್ಕ ಇದರಿಂದ ಬಹಳ ದೂರ ಇದ್ದರೆ ಕಾರಣ ಕೇಳಿ. ಆದರೆ ಲೆಕ್ಕದ ಕುಣಿಕೆ ಇರುವುದು ‘ಕೋಣೆಯ ಗಾತ್ರ’ ಎಂಬಲ್ಲಿ. ಖಾಲಿ ಕೋಣೆ ಅಳೆದು ಸಿಲಿಂಡರ್ ಇಟ್ಟು ಹೋದರು ಎನ್ನಿ. ಐದು ವರ್ಷದಲ್ಲಿ ಕಪಾಟು, ಕಡತದ ಗಂಟು, ಹಳೆಯ ಟ್ರಂಕು ಸೇರಿ ಕೋಣೆಯ ಐದನೇ ಒಂದು ಪಾಲನ್ನು ತುಂಬಿದವು. ಗಾಳಿಗೆ ಉಳಿದ ಜಾಗ ಕಡಿಮೆ, ಬಿಡುವ ಅನಿಲ ಅಷ್ಟೇ, ಆಮ್ಲಜನಕ ಶೇ. 11ರ ಹತ್ತಿರಕ್ಕೆ ಇಳಿಯುತ್ತದೆ. 5 ನಿಮಿಷ ಸಿಗಬೇಕಾದ ಗುಮಾಸ್ತರಿಗೆ 3 ನಿಮಿಷ ಮಾತ್ರ. ಇದಕ್ಕೆ ವಿರುದ್ಧವಾಗಿ, ನಡುವಿನ ಗೋಡೆ ಕೆಡವಿ ಪಕ್ಕದ ಕೋಣೆಯನ್ನೂ ಸೇರಿಸಿಕೊಂಡರೆ ಅನಿಲ ಸಾಲದೆ ಬೆಂಕಿ ಆರುವುದೇ ಇಲ್ಲ. ಕೋಣೆಯಲ್ಲಿ ಏನೇ ಬದಲಾದರೂ ಲೆಕ್ಕ ಮತ್ತೆ ಹಾಕಿಸಬೇಕು. ಕಚೇರಿಗಳಲ್ಲಿ ಪಾರ್ಟಿಷನ್ ಎದ್ದು ಬೀಳುವ ವೇಗ ಬಲ್ಲವರಿಗೆ ಈ ಎಚ್ಚರಿಕೆ ಅತಿ ಎನ್ನಿಸಲಾರದು.

ಇನ್ನು ಸೋರಿಕೆ. ಐಎಸ್‌ಒ 14520 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ, ಬಿಟ್ಟ ಅನಿಲ ಕಡೇಪಕ್ಷ 10 ನಿಮಿಷ ಕೋಣೆಯಲ್ಲಿ ನಿಲ್ಲಬೇಕು. ಜ್ವಾಲೆ ಆರಿದ ಮೇಲೂ ಬಿಸಿ ಇರುವ ತಂತಿ, ಕೆಂಡವಾದ ಅಂಚು ಮತ್ತೆ ಹೊತ್ತಿಕೊಳ್ಳದಿರಲು ಇಷ್ಟು ಹೊತ್ತು ಬೇಕು. ಆರ್ಗಾನ್ ಕೂಡಿದ ಮಿಶ್ರಣಗಳು ಗಾಳಿಗಿಂತ ಭಾರ. ಅವು ಬಾಗಿಲ ಕೆಳಗಿನ ಸಂದಿನಿಂದ ಹರಿದು ಹೋಗುತ್ತ, ಮೇಲಿನ ಸಂದಿನಿಂದ ಹೊಸ ಗಾಳಿ ಒಳಗೆಳೆದುಕೊಳ್ಳುತ್ತವೆ. ಹೀಗಾಗಿ ರಕ್ಷಣೆ ಮೊದಲು ತಪ್ಪುವುದು ಮೇಲಿನ ಕಪಾಟಿಗೆ. ಮಂಗಳೂರು ಹೆಂಚಿನ ಛಾವಣಿ ಇರುವ ಹಳೆಯ ಕಟ್ಟಡದಲ್ಲಿ ಈ ವ್ಯವಸ್ಥೆ ಹಾಕಿಸುವುದು ತೂತು ಕೊಡಕ್ಕೆ ನೀರು ತುಂಬಿದಂತೆಯೇ ಸರಿ. ಅಲ್ಲಿ ಬೇರೆ ದಾರಿ ನೋಡಬೇಕು. ಮಿನಿ ವಿಧಾನಸೌಧದಂಥ ಕಾಂಕ್ರೀಟ್ ಕಟ್ಟಡದಲ್ಲಿ ಛಾವಣಿಯ ಚಿಂತೆ ಇಲ್ಲ, ಅಲ್ಲಿ ಕೈಕೊಡುವುದು ಕೇಬಲ್ ತೂತು, ಫಾಲ್ಸ್ ಸೀಲಿಂಗಿನ ಮೇಲೆ ಪೂರ್ತಿ ಕಟ್ಟದೆ ಬಿಟ್ಟ ಗೋಡೆ, ಏಸಿ ಪೈಪು, ಗಾಳಿಕಿಂಡಿ. ಈ ತೂತುಗಳು ಎಂಥ ಅನಾಹುತಕ್ಕೆ ದಾರಿ ಎಂಬುದಕ್ಕೆ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಸಾಕ್ಷಿ. 2010ರ ಫೆಬ್ರವರಿ 23ರಂದು ಅಲ್ಲಿ ವಿದ್ಯುತ್ ತಂತಿಗಳು ಹಾಯುವ ಕೊಳವೆಗಂಡಿಯಲ್ಲಿ ಎದ್ದ ಬೆಂಕಿಯ ಹೊಗೆ ಮೇಲಿನ ಮಹಡಿಗಳಿಗೆ ಏರಿತು. 9 ಜನ ಸತ್ತರು. ಹೊಗೆ ಬರುವ ದಾರಿಯೇ ಅನಿಲ ಹೋಗುವ ದಾರಿ. ಬೆಂಕಿ ತಡೆಯುವ ಗಾರೆಯಿಂದ ಆ ತೂತುಗಳನ್ನು ಮುಚ್ಚುವ ಖರ್ಚು ಇಡೀ ವ್ಯವಸ್ಥೆಯ ಮುಂದೆ ಚಿಲ್ಲರೆ, ಮತ್ತು ಗ್ಯಾಸ್ ಸಿಸ್ಟಂ ಎಂದಿಗೂ ಬಾರದೇ ಹೋದರೂ ಆ ಗಾರೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಕೋಣೆಯನ್ನೇ ಉಪಕರಣ ಮಾಡಿದರೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಬಾಸ್ಟನ್ ಸ್ಪಾದಲ್ಲಿ ಬ್ರಿಟಿಷ್ ಲೈಬ್ರರಿ ಕಟ್ಟಿದ ಉಗ್ರಾಣ ಇದೆ: ಸುಮಾರು 260 ಕಿಲೋಮೀಟರ್ ಕಪಾಟಿನ ಆ ಕಟ್ಟಡದಲ್ಲಿ ಆಮ್ಲಜನಕವನ್ನು ಸದಾಕಾಲ ಶೇ. 15ರ ಆಸುಪಾಸಿನಲ್ಲೇ ಇಟ್ಟಿರುತ್ತಾರೆ. ಬೆಂಕಿ ಆರಿಸುವ ಪ್ರಶ್ನೆಯೇ ಇಲ್ಲ, ಹೊತ್ತಿಕೊಳ್ಳುವುದೇ ಕಷ್ಟ.

ಕೋಣೆ ಬಿಗಿಯಾದರೆ ಅಷ್ಟು ಅನಿಲ ಒಮ್ಮೆಗೇ ನುಗ್ಗಿದಾಗ ಗೋಡೆ ಒಡೆಯುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಅದು ಒಳ್ಳೆಯ ಪ್ರಶ್ನೆ. 113 ಘನ ಮೀಟರಿನ ಕೋಣೆಗೆ ಒಂದೆರಡು ನಿಮಿಷದಲ್ಲಿ 58 ಘನ ಮೀಟರ್ ನುಗ್ಗುತ್ತದೆ. ತೆಳು ಇಟ್ಟಿಗೆಯ ಅಡ್ಡಗೋಡೆ, ಗಾಜಿನ ಕಿಟಕಿ, ಫಾಲ್ಸ್ ಸೀಲಿಂಗ್ ಇದನ್ನು ತಡೆಯಲಾರವು. ಅದಕ್ಕೆ ಒತ್ತಡ ಏರಿದಾಗ ತೆರೆದು, ಇಳಿದ ಕೂಡಲೇ ತಾನಾಗಿ ಮುಚ್ಚಿಕೊಳ್ಳುವ ಕವಾಟದ ಕಿಂಡಿ ಬೇಕು. ಅದು ಪಕ್ಕದ ಕೋಣೆಗಲ್ಲ, ಹೊರಬಯಲಿಗೆ ತೆರೆಯಬೇಕು. ಹಣ ಉಳಿಸಲು ಕೊಟೇಶನ್‌ನಿಂದ ಮೊದಲು ಮಾಯವಾಗುವ ಸಾಮಾನು ಇದೇ ಆಗಬಹುದು, ಕಣ್ಣಿಡಿ. ಇನ್ನೊಂದು ವಿಚಾರ ಸದ್ದಿನದು. 2016ರ ಸೆಪ್ಟೆಂಬರ್ 10ರಂದು ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ಐಎನ್‌ಜಿ ಬ್ಯಾಂಕ್ ತನ್ನ ಡೇಟಾ ಸೆಂಟರಿನ ಜಡ ಅನಿಲ ವ್ಯವಸ್ಥೆಯನ್ನು ಪರೀಕ್ಷಿಸಿತು. ಬೆಂಕಿ ಇರಲಿಲ್ಲ, ಪರೀಕ್ಷೆ ಮಾತ್ರ. ಅನಿಲ ನುಗ್ಗಿದ ಸದ್ದು 130 ಡೆಸಿಬಲ್ ದಾಟಿ, ಆ ಕಂಪನಕ್ಕೆ ಹಾರ್ಡ್ ಡಿಸ್ಕ್‌ಗಳು ಕೆಟ್ಟು, ಬ್ಯಾಂಕಿನ ವ್ಯವಹಾರ ಹತ್ತು ಗಂಟೆ ನಿಂತಿತು. ಸರ್ವರ್ ಇರುವ ಕೋಣೆಗಾದರೆ ಸದ್ದು ತಗ್ಗಿಸುವ ನಳಿಕೆಯನ್ನೇ ಕೇಳಿ ಹಾಕಿಸಿಕೊಳ್ಳಿ, ನಳಿಕೆಯ ಬಾಯಿ ಯಂತ್ರದ ಕಡೆ ತಿರುಗದಿರಲಿ.

ಈ ನಾಲ್ಕು ಊರುಗಳಲ್ಲಿ ಇಷ್ಟೆಲ್ಲ ಮಾಡುವಷ್ಟು ಬೆಲೆಯ ಕೋಣೆ ಯಾವುದಿದೆ? ಹೆಚ್ಚಿಲ್ಲ, ಆದರೆ ಇರುವವು ಮುಖ್ಯವಾದವು. ಮೊದಲನೆಯದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಂ. ಬ್ರಿಟಿಷರ ಕಾಲದಲ್ಲಿ ಶಿಗ್ಗಾವಿ ಬಂಕಾಪುರ ತಾಲ್ಲೂಕಿನ ಕೇಂದ್ರವಾಗಿತ್ತು, ಹಿರೇಕೆರೂರು ಕೋಡ ತಾಲ್ಲೂಕಿನದು. ಹಾನಗಲ್ಲ ತನ್ನ ಹೆಸರಿನದೇ ತಾಲ್ಲೂಕು. ಮೂರೂ 1956ರವರೆಗೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಹೀಗಾಗಿ ಈ ಸೀಮೆಯ ಒಂದು ಹೊಲದ ಹಕ್ಕಿನ ಹಿಂದೆ ಹೋದರೆ ಮುಂಬಯಿ ಪದ್ಧತಿಯ ಸರ್ವೆ, ಮೋಡಿ ಲಿಪಿಯ ಬರಹ, ಸಂಸ್ಥಾನದ ಕಾಲದ ವ್ಯವಹಾರ, ಆಮೇಲಿನ ಭೂಸುಧಾರಣೆಯ ಆದೇಶ ಹೀಗೆ ಪದರ ಪದರ ಬಿಚ್ಚುತ್ತದೆ. ಎರಡನೆಯದು ಉಪನೋಂದಣಿ ಕಚೇರಿಯ ಹಳೆಯ ಸಂಪುಟಗಳು. ಮೂರನೆಯದು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ. ಕನಕದಾಸರ ಬಾಡ, ಶರೀಫರ ಶಿಶುನಾಳ ಇರುವ ತಾಲ್ಲೂಕಿನ ಇಂಥ ಸಂಸ್ಥೆಯ ಧ್ವನಿಮುದ್ರಿಕೆ, ಹಸ್ತಪ್ರತಿಗಳು ನೀರಿಗೂ ಅಂಜುತ್ತವೆ, ಬೆಂಕಿಗೂ ಅಂಜುತ್ತವೆ. ಇವುಗಳ ಜೊತೆಗೆ ವಿದ್ಯುತ್ ಉಪಕೇಂದ್ರಗಳ ನಿಯಂತ್ರಣ ಕೋಣೆ, ಸಹಕಾರಿ ಬ್ಯಾಂಕಿನ ಸರ್ವರ್ ಕೋಣೆ. ಉಳಿದ ಕಡೆಗೆ ಈ ವ್ಯವಸ್ಥೆ ಬೇಡ ಎಂದೇ ಹೇಳುತ್ತೇನೆ.

ಕಾಗದವೆಲ್ಲ ಕಂಪ್ಯೂಟರಿಗೆ ಏರಿದೆಯಲ್ಲ, ಇನ್ನೇಕೆ ಈ ಖರ್ಚು ಎಂಬ ಆಕ್ಷೇಪಣೆ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಭೂಮಿ ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂದು ಎರಡು ದಶಕ ದಾಟಿತು. 2024ರಿಂದ ಕಂದಾಯ ಇಲಾಖೆ ‘ಭೂ ಸುರಕ್ಷಾ’ ಹೆಸರಿನಲ್ಲಿ ರೆಕಾರ್ಡ್ ರೂಂಗಳ ಹಳೆಯ ಕಡತಗಳನ್ನೂ ಪುಟ ಪುಟ ಸ್ಕ್ಯಾನ್ ಮಾಡಿಸುತ್ತಿದೆ. ಸ್ಕ್ಯಾನ್ ಮುಗಿದು, ಪ್ರತಿ ಬೇರೆ ಊರಿನಲ್ಲಿ ಭದ್ರವಾದ ಮೇಲೆ ರೆಕಾರ್ಡ್ ರೂಂನ ತೂಕ ಸ್ವಲ್ಪ ಇಳಿಯುತ್ತದೆ, ಒಪ್ಪಿದೆ. ಆದರೆ ತಿದ್ದಿದ ದಾಖಲೆ, ಖೊಟ್ಟಿ ಸಹಿ ಎಂಬ ತಕರಾರು ಎದ್ದಾಗ ಶಾಯಿ, ಕಾಗದ, ಮೊಹರು ಪರೀಕ್ಷಿಸಲು ಮೂಲವೇ ಬೇಕು. ಕಂಪ್ಯೂಟರಿನ ಪ್ರತಿಯಾದರೂ ಒಂದು ಕೋಣೆಯಲ್ಲೇ ಇರಬೇಕಲ್ಲ? 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಲಿಥಿಯಂ ಬ್ಯಾಟರಿಗಳಿಂದ ಎದ್ದ ಬೆಂಕಿಗೆ ನೌಕರರ ಕಡತಗಳನ್ನು ಕೂಡಿಟ್ಟಿದ್ದ 858 ಟೆರಾಬೈಟ್ ದತ್ತಾಂಶ ಸುಟ್ಟುಹೋಯಿತು. ಅದಕ್ಕೆ ಬೇರೆ ಕಡೆ ಪ್ರತಿ ಇರಲಿಲ್ಲ. ಆದ್ದರಿಂದ ಸರದಿ ಹೀಗಿರಲಿ: ಮೊದಲು ಬೇರೆ ಊರಿನಲ್ಲಿ ಪ್ರತಿ, ಆಮೇಲೆ ಕೋಣೆಯ ಬಿಗಿ, ಹೊಗೆ ಪತ್ತೆ, ಕೊನೆಗೆ ಅನಿಲ.

ಡೇಜಾನ್ ಇನ್ನೊಂದು ಮಿತಿಯನ್ನೂ ತೋರಿಸುತ್ತದೆ. ಲಿಥಿಯಂ ಬ್ಯಾಟರಿ ಒಳಗಿನಿಂದಲೇ ಕುದಿಯುವಾಗ ಹೊರಗಿನ ಆಮ್ಲಜನಕ ಇಳಿಸಿ ಅದನ್ನು ನಿಲ್ಲಿಸಲು ಆಗುವುದಿಲ್ಲ. ಅದಕ್ಕೆ ಬೇಕಾದದ್ದು ತಣಿಸುವ ನೀರು. ಯುಪಿಎಸ್‌ಗೆ ಲಿಥಿಯಂ ಬ್ಯಾಟರಿ ಹಾಕಿಸುತ್ತಿದ್ದರೆ ಅದನ್ನು ದಾಖಲೆ, ಸರ್ವರ್ ಇರುವ ಕೋಣೆಯಿಂದ ಹೊರಗಿಡಿ. ಪಟಾಕಿಯದೂ ಅದೇ ಕಥೆ. ಹಾವೇರಿ ಹತ್ತಿರದ ಆಲದಕಟ್ಟಿಯಲ್ಲಿ 2023ರ ಆಗಸ್ಟ್‌ನಲ್ಲಿ ಪಟಾಕಿ ಗೋದಾಮು ಉರಿದು ಕೆಲಸದಾಳುಗಳು ಸತ್ತರು. ಪಟಾಕಿಯ ಮದ್ದು ತನಗೆ ಬೇಕಾದ ಆಮ್ಲಜನಕವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಕೋಣೆ ತುಂಬ ನೈಟ್ರೋಜನ್ ತುಂಬಿದರೂ ಅದು ಉರಿದೇ ಉರಿಯುತ್ತದೆ. ಅರಳೆ, ಗೋವಿನಜೋಳದ ಗೋದಾಮುಗಳಿಗೂ ಇದು ಒಗ್ಗದು. ಒತ್ತಿ ಕಟ್ಟಿದ ಅರಳೆಯ ಬೇಲಿನ ಎಳೆಗಳ ನಡುವೆ ಗಾಳಿ ಕೂತಿರುತ್ತದೆ; ಮೇಲಿನ ಜ್ವಾಲೆ ನಂದಿದರೂ ಒಳಗಿನ ಕೆಂಡ ದಿನಗಟ್ಟಲೆ ಮೆಲ್ಲಗೆ ಸುಡುತ್ತ, ಬಾಗಿಲು ತೆರೆದ ಗಳಿಗೆಗೆ ಭುಗ್ಗೆನ್ನುತ್ತದೆ. ಅಲ್ಲಿ ನೀರಿನ ತೊಟ್ಟಿ, ಪಂಪು, ಪೈಪು, ಬೇಲುಗಳ ನಡುವೆ ದಾರಿ ಬೇಕು. ನಿಜ ಹೇಳಬೇಕೆಂದರೆ ಬಿಗಿಯಾಗಿ ಕಟ್ಟಿದ ಕಡತದ ಗಂಟೂ ಸಣ್ಣ ಬೇಲೇ. ಅದಕ್ಕೇ ರೆಕಾರ್ಡ್ ರೂಂನಲ್ಲಿ ಅನಿಲ ಗೆಲ್ಲಬೇಕಾದರೆ ಬೆಂಕಿ ಗಂಟಿನೊಳಗೆ ಇಳಿಯುವ ಮೊದಲೇ ಗೊತ್ತಾಗಬೇಕು. ಕೋಣೆಯ ಗಾಳಿಯನ್ನು ಸಣ್ಣ ಪೈಪಿನಿಂದ ಎಳೆದು ಸದಾ ಮೂಸುವ ಪತ್ತೆಯಂತ್ರ ಸಾಮಾನ್ಯ ಹೊಗೆ ಪತ್ತೆಯಂತ್ರಕ್ಕಿಂತ ಬಹಳ ಮುಂಚೆ ಕೂಗುತ್ತದೆ. ಕೈಯಲ್ಲಿ ಸ್ವಲ್ಪವೇ ಹಣ ಇದ್ದರೆ ಸಿಲಿಂಡರ್ ಬಿಟ್ಟು ಇದನ್ನು ಕೊಳ್ಳಿ. ರಾತ್ರಿ ಅದರ ಕೂಗು ಕಾವಲುಗಾರನ ಫೋನಿಗೂ ಹೋಗುವಂತಿರಲಿ, 101 ಅಥವಾ 112ಕ್ಕೆ ಕರೆ ಮಾಡುವ ಹೊಣೆ ಯಾರದೆಂದು ಬರೆದಿರಲಿ. ಒದ್ದೆಯಾದ ಕಾಗದವನ್ನು ಒಣಗಿಸಿ ಉಳಿಸಬಹುದು. ಹೀಗಾಗಿ ಹೆಂಚಿನ ಕಟ್ಟಡ ಬಿಡಲು ಆಗದ ಕಚೇರಿಗೆ, ಬೇಗ ಕೂಗುವ ಪತ್ತೆಯಂತ್ರ, ಹೊಸ ವೈರಿಂಗ್ ಮತ್ತು ನೀರಿನ ಸ್ಪ್ರಿಂಕ್ಲರ್, ಸೋರಿಹೋಗುವ ಅನಿಲಕ್ಕಿಂತ ಮೇಲು.

ಇಂಗಾಲದ ಡೈಆಕ್ಸೈಡ್ ಅಗ್ಗ, ಅದನ್ನೇ ಕೋಣೆ ತುಂಬ ಬಿಡುವಂತೆ ಮಾಡಿಸಿದರಾಯಿತು ಎನ್ನುವ ಸಲಹೆಗೆ ಒಂದೇ ಉತ್ತರ: ಬೇಡ. ಬೆಂಕಿ ಆರಿಸಲು ಅದು ಕಡೇಪಕ್ಷ ಶೇ. 34ರಷ್ಟು ಬೇಕು, ಶೇ. 10 ದಾಟಿದರೇ ಮನುಷ್ಯ ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪುತ್ತಾನೆ. ಇಂಥ ವ್ಯವಸ್ಥೆಗಳಿಂದ ಆದ 70ಕ್ಕೂ ಹೆಚ್ಚು ಸಾವುಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2000ದ ತನ್ನ ವರದಿಯಲ್ಲಿ ಲೆಕ್ಕ ಹಾಕಿದೆ. ಗೋಡೆಗೆ ನೇತು ಹಾಕಿ, ಕೈಯಲ್ಲಿ ಹಿಡಿದು ಬಳಸುವ ಸಣ್ಣ ಸಿಲಿಂಡರಿನ ಮಾತು ಬೇರೆ. ನೈಟ್ರೋಜನ್ನೇ ಆದರೂ ಅನಿಲ ಬಿಡುವ ಮೊದಲು ಎರಡು ಪತ್ತೆಯಂತ್ರಗಳು ಒಪ್ಪಬೇಕು. ಗಂಟೆ ಬಾರಿಸಿ, ದೀಪ ಮಿಣುಕಿಸಿ 30 ಸೆಕೆಂಡಿನಷ್ಟಾದರೂ ಸಮಯ ಕೊಡಬೇಕು. ತಡೆಯುವ ಗುಂಡಿ ಬಾಗಿಲ ಹತ್ತಿರ ಒಳಗೇ ಇರಬೇಕು. ಬಾಗಿಲು ಹೊರಕ್ಕೆ ತೆರೆದು ತಾನಾಗಿ ಮುಚ್ಚಿಕೊಳ್ಳಬೇಕು. ಏಸಿ ತಾನೇ ನಿಲ್ಲಬೇಕು. ಎಚ್ಚರಿಕೆಯ ಫಲಕ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿರಲಿ, ಉರ್ದು ಓದುವವರು ಇರುವ ಕಡೆ ಅದರಲ್ಲೂ ಇರಲಿ. ಅನಿಲ ಬಿಟ್ಟ ಕೋಣೆಗೆ ಅಗ್ನಿಶಾಮಕ ದಳದವರು ಬಂದು ಗಾಳಿ ಪರೀಕ್ಷಿಸುವ ತನಕ ಯಾರೂ ಕಾಲಿಡಬಾರದು, ಒಳಗೆ ಯಾರೋ ಬಿದ್ದಿದ್ದಾರೆಂದು ತಿಳಿದರೂ ಉಸಿರಿನ ಉಪಕರಣವಿಲ್ಲದೆ ನುಗ್ಗಬಾರದು. ದೀಪ ಹಿಡಿದು ನೋಡುವ ಹಳೆಯ ಪರೀಕ್ಷೆ ಇಲ್ಲಿ ನಡೆಯದು. ಪೆಟ್ರೋಲ್ ಆವಿ, ಅರೆಬೆಂದ ಹೊಗೆ ಇರುವ ಕೋಣೆಗೆ ದೀಪ ಒಯ್ಯುವುದು ಹೊಸ ಬೆಂಕಿಗೆ ಕರೆ.

ಕೊನೆಯ ಆಕ್ಷೇಪಣೆ ನನಗೆ ಎಲ್ಲಕ್ಕಿಂತ ಗಟ್ಟಿ ಎನ್ನಿಸುವುದು: ಸಣ್ಣ ಊರಿನಲ್ಲಿ ಇದನ್ನು ನೋಡಿಕೊಳ್ಳುವವರು ಯಾರು? ಅಗ್ನಿನಂದಕದ ಮೇಲಿನ ಚೀಟಿಯ ತಾರೀಖು ದಾಟಿದರೂ ಕೇಳುವವರಿಲ್ಲದ ಕಚೇರಿಯಲ್ಲಿ 200 ಬಾರಿನ ಸಿಲಿಂಡರ್ ಹೇಗೆ ಉಳಿದೀತು? ಇದಕ್ಕೆ ಪೂರ್ತಿ ಸಮಾಧಾನ ಇಲ್ಲ. ಜಡ ಅನಿಲದಲ್ಲಿ ಒಂದು ಅನುಕೂಲವಿದೆ, ಸಿಲಿಂಡರಿನ ಒತ್ತಡಮಾಪಕವೇ ಅನಿಲ ಎಷ್ಟಿದೆ ಎಂದು ಹೇಳುತ್ತದೆ, ತೂಕ ಹಾಕಬೇಕಿಲ್ಲ. ವಾರಕ್ಕೊಮ್ಮೆ ಮುಳ್ಳು ಎಲ್ಲಿದೆ ಎಂದು ಬರೆದಿಡಲು ಎಂಜಿನಿಯರ್ ಬೇಡ. ನಿಯಂತ್ರಣ ಪೆಟ್ಟಿಗೆಯ ಬ್ಯಾಟರಿ ಕರೆಂಟ್ ಹೋದ ದಿನವೂ ಬದುಕಿರಬೇಕು, ಅದನ್ನು ತಿಂಗಳಿಗೊಮ್ಮೆ ಕರೆಂಟ್ ತೆಗೆದೇ ನೋಡಬೇಕು. ನಾಲ್ಕು ತಾಲ್ಲೂಕು ಕಚೇರಿಗಳು ಬೇರೆ ಬೇರೆ ನಾಲ್ಕು ಕಂಪನಿಗಳಿಂದ ಕೊಳ್ಳುವ ಬದಲು, ಹಾವೇರಿ ಜಿಲ್ಲೆಯ ಎಲ್ಲ ಕಚೇರಿಗಳಿಗೂ ಒಂದೇ ಬಗೆಯ ಸಿಲಿಂಡರ್, ಒಂದೇ ನಿರ್ವಹಣಾ ಕರಾರು ಇದ್ದರೆ ಹುಬ್ಬಳ್ಳಿಯಿಂದ ಹೊರಟ ತಂತ್ರಜ್ಞ ಒಂದೇ ಸುತ್ತಿನಲ್ಲಿ ಎಲ್ಲವನ್ನೂ ಮುಟ್ಟಬಲ್ಲ. ಹಾಗೂ ನೋಡಿಕೊಳ್ಳುವವರಿಲ್ಲ ಎಂದು ಖಚಿತವಾದರೆ ಹಾಕಿಸಲೇಬೇಡಿ. ಕೋಣೆ ಬಿಗಿ ಮಾಡಿ, ವೈರಿಂಗ್ ಬದಲಿಸಿ, ಪ್ರತಿ ಮಾಡಿಸಿ ಅಲ್ಲಿಗೆ ನಿಲ್ಲಿಸಿ. ಹಾಕಿಸುವುದೇ ಆದರೆ ಟೆಂಡರ್‌ನಲ್ಲಿ ಐಎಸ್ 15493 ಎಂಬ ಭಾರತೀಯ ಮಾನಕದ ಹೆಸರು ಇರಲಿ. ಬಾಗಿಲಿಗೆ ಫ್ಯಾನ್ ಕಟ್ಟಿ, ಕೋಣೆಯ ಒತ್ತಡ ಏರಿಸಿ ಇಳಿಸಿ ಅನಿಲ ಎಷ್ಟು ನಿಮಿಷ ನಿಲ್ಲುತ್ತದೆಂದು ಲೆಕ್ಕ ಹಾಕುವ ಡೋರ್ ಫ್ಯಾನ್ ಪರೀಕ್ಷೆ ಕರಾರಿನ ಭಾಗವಾಗಿರಲಿ. ಅದಕ್ಕೆ ಒಂದು ಗುಕ್ಕು ಅನಿಲವೂ ಖರ್ಚಾಗುವುದಿಲ್ಲ. ಆ ವರದಿಯಲ್ಲಿ 10 ನಿಮಿಷ ಎಂದು ಬರೆದು ಸಹಿ ಬೀಳುವವರೆಗೆ ಗುತ್ತಿಗೆದಾರನ ಕೊನೆಯ ಕಂತನ್ನು ದಯವಿಟ್ಟು ಪಾವತಿಸಬೇಡಿ.